ಬಿಚ್ಚದ ಚಾಕು

ಗಂಡಸಿಗೆ ಅವಮಾನವಾಗಲು ದೊಡ್ಡ ಕಾರಣವೇನೂ ಬೇಕಿಲ್ಲ, ಒಂದು ಸೇಬು ಸಾಕು. ನಮ್ಮ ಪಾರ್ಸೆಲ್ ಗುಮಾಸ್ತನ ವಿಷಯದಲ್ಲಿ ಆ ಸೇಬನ್ನು ಅವನ ಅತ್ತೆಯೇ ತಟ್ಟೆಯಲ್ಲಿಟ್ಟು ತಂದರು. "ಯಾರಾದ್ರೂ ಹೆಚ್ಚಿ" ಎಂದರು. ಗುಮಾಸ್ತ ಜೇಬಿನಿಂದ ತನ್ನ ಮಡಚುವ ಚಾಕು ತೆಗೆದ. ಅದೇ ಹೊತ್ತಿಗೆ ಎದುರು ಕುರ್ಚಿಯಲ್ಲಿದ್ದ ಭಾವಮೈದನೂ ತನ್ನದನ್ನು ತೆಗೆದ.

ಭಾವಮೈದನ ಚಾಕುವಿಗೆ ನೀಲಿ ಸ್ಕ್ರೂಗಳು, ಹಿಡಿಯ ಎರಡೂ ಬದಿಗೆ ಮರದ ಪಟ್ಟಿ, ಬೆನ್ನಿಗೆ ಹೊಳೆಯುವ ಕ್ಲಿಪ್. ಹೆಬ್ಬೆರಳು ಸೋಕಿದ್ದೇ ತಡ, ಅಲಗು ಬೆಣ್ಣೆಯಂತೆ ಹೊರಗೆ ಜಾರಿತು. ಗುಮಾಸ್ತನ ಚಾಕುವಿಗೆ ಕಪ್ಪು ಪ್ಲಾಸ್ಟಿಕ್ ಹಿಡಿ. ಅದರ ಒಂದು ಮೂಲೆ ಒಡೆದಿತ್ತು, ಸ್ಕ್ರೂಗಳಿಗೆ ತುಕ್ಕು ಹಿಡಿದಿತ್ತು, ಅಲಗಿನ ಮೇಲೆ ಟೇಪಿನ ಅಂಟು ಕಪ್ಪಗೆ ಮೆತ್ತಿಕೊಂಡಿತ್ತು.

"ಭಾವ, ಅದರಲ್ಲಿ ಹೆಚ್ಚಿದ್ರೆ ಸೇಬು ತಿನ್ನೋಕೆ ಮುಂಚೆ ಒಂದು ಇಂಜೆಕ್ಷನ್ ತಗೋಬೇಕಾಗುತ್ತೆ" ಎಂದ ಭಾವಮೈದ.

ಮಾವ ನಕ್ಕರು. ಅತ್ತೆ ನಗಲಿಲ್ಲ, ತಟ್ಟೆಯನ್ನು ಮೆಲ್ಲಗೆ ಮಗನ ಕಡೆ ಸರಿಸಿದರು. ಗುಮಾಸ್ತನಿಗೆ ನಗುವಿಗಿಂತ ಆ ತಟ್ಟೆ ಸರಿದ ಸದ್ದೇ ಹೆಚ್ಚು ಚುಚ್ಚಿತು.

"ಎಲ್ಲಿ ತಗೊಂಡೆ ಅದನ್ನ?"

"ತಗೊಂಡಿದ್ದಲ್ಲ ಭಾವ, ಮಾಡ್ಕೊಂಡಿದ್ದು. ಸ್ಕ್ರೂ, ವಾಷರ್, ಕ್ಲಿಪ್, ಪಟ್ಟಿ ಎಲ್ಲಾ ಬೇರೆ ತರಿಸಿ ಮನೇಲೇ ಕೂತು ಬದಲಾಯಿಸೋದು. ಆದ್ರೆ ಅದಕ್ಕೆ ಕೈ ಬೇಕು" ಎಂದು ಹೇಳಿ ಭಾವಮೈದ ಗುಮಾಸ್ತನ ಕೈಗಳನ್ನು ನೋಡಿದ. ಎಲ್ಲರೂ ನೋಡಿದರು. ಗುಮಾಸ್ತ ಕೈಗಳನ್ನು ಮೇಜಿನ ಕೆಳಗೆ ಇಳಿಸಿಕೊಂಡ.

ಆ ರಾತ್ರಿಯೇ ಅವನು ಚಾಕುವಿನ ಬಿಡಿಭಾಗಗಳ ಪೆಟ್ಟಿಗೆಯೊಂದಕ್ಕೆ ಆರ್ಡರ್ ಕೊಟ್ಟ.

ಇಲ್ಲಿ ಅವನ ವೃತ್ತಿಯ ಬಗ್ಗೆ ಎರಡು ಮಾತು ಹೇಳಲೇಬೇಕು, ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ. ಪಾರ್ಸೆಲ್ ಆಫೀಸಿನಲ್ಲಿ ಅವನದು ಸಡಿಲವಾಗಿ ಬಂದ ಕಟ್ಟುಗಳನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟುವ ಕೆಲಸ. ಗಂಟಿನ ಮೇಲೆ ಗಂಟು, ಟೇಪಿನ ಮೇಲೆ ಟೇಪು, ಅಂಟಿನ ಮೇಲೆ ಅಂಟು. ಅವನು ಕಟ್ಟಿದ ಪಾರ್ಸೆಲ್ ದಾರಿಯಲ್ಲಿ ಯಾವತ್ತೂ ಬಿಚ್ಚಿಕೊಂಡದ್ದಿಲ್ಲ. ಸೇರಬೇಕಾದವರ ಮನೆ ಸೇರಿದ ಮೇಲೂ ಬಿಚ್ಚಿಕೊಳ್ಳುವುದಿಲ್ಲ ಎಂದು ದೂರುಗಳು ಬರುತ್ತಿದ್ದವು. ಅವನು ಅವನ್ನು ಹೊಗಳಿಕೆಯೆಂದೇ ತಿಳಿದಿದ್ದ. ಸಡಿಲ ಎನ್ನುವುದು ಅವನ ಪ್ರಕಾರ ಈ ಲೋಕದ ಮೂಲ ಪಾಪ.

ಪೆಟ್ಟಿಗೆ ಬಂದ ಮೇಲೆ ರಜಾದಿನ ಬೆಳಿಗ್ಗೆ ಹಳೆಯ ಟವೆಲ್ ಹಾಸಿಕೊಂಡು ಕೂತ. ಹೆಂಡತಿ ಕಿಟಕಿಯ ಬಳಿ ಹೊಲಿಗೆ ಮೆಷಿನ್ ಮುಂದೆ ಕೂತಿದ್ದಳು. ಬೀದಿಯ ಹೆಂಗಸರ ಬಟ್ಟೆಯೆಲ್ಲ ಅವಳೇ ಹೊಲಿಯುತ್ತಿದ್ದುದು. ಆ ಕಿಟಕಿಯ ಬೆಳಕು ಅವಳಿಗೆ ಇನ್ನೊಂದು ಕೈ ಇದ್ದ ಹಾಗೆ.

ಹಳೆಯ ಸ್ಕ್ರೂ ಬಿಚ್ಚಿದ್ದಾಯಿತು, ಹಿತ್ತಾಳೆ ವಾಷರ್ ಇಟ್ಟದ್ದಾಯಿತು. ಕೊನೆಗೆ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಪುಟ್ಟ ಕೆಂಪು ಟ್ಯೂಬ್ ಸಿಕ್ಕಿತು. ಸ್ಕ್ರೂ ಸಡಿಲವಾಗದಂತೆ ಅದರ ತುದಿಗೆ ಹಚ್ಚುವ ಅಂಟು. ಗುಮಾಸ್ತನ ಮುಖ ಅರಳಿತು. ಪರದೇಶದಲ್ಲಿ ನಮ್ಮೂರಿನವನು ಸಿಕ್ಕಂತೆ.

ಹೆಂಡತಿ ಟ್ಯೂಬಿನ ಮೇಲಿದ್ದುದನ್ನು ಓದಿದಳು. "ಒಂದು ಸ್ಕ್ರೂಗೆ ಒಂದೇ ತೊಟ್ಟು ಅಂತ ಹಾಕಿದ್ದಾರೆ ನೋಡಿ."

"ಹಾಕಿರ್ತಾರೆ. ಜಿಪುಣರು. ಅಂಟಿನ ವಿಷಯ ನನಗೆ ಹೇಳಿಕೊಡ್ತೀಯಾ?"

ಸ್ಕ್ರೂಗಳಿಗೆ ಹಾಕಿದ. ವಾಷರುಗಳ ಮೇಲೆ ಹಾಕಿದ, ಕೆಳಗೂ ಹಾಕಿದ. ಅಲಗಿನ ಬುಡಕ್ಕೆ, ಅದು ತಿರುಗುವ ನಡುವಿನ ಕೀಲಿಗೆ ಧಾರಾಳವಾಗಿ ಸುರಿದ.

"ಅಲ್ಲಿ ತಿರುಗಬೇಕಲ್ವೇನ್ರೀ?"

"ತಿರುಗುತ್ತೆ. ಆದ್ರೆ ಅಲ್ಲಾಡಬಾರದು."

ಸ್ಕ್ರೂಗಳ ತಲೆ ಸವೆದು ನುಣ್ಣಗಾಗುವವರೆಗೆ ಬಿಗಿದು, ಚಾಕು ಮಡಚಿ, ಇಸ್ತ್ರಿ ಪೆಟ್ಟಿಗೆಯ ಕೆಳಗಿಟ್ಟ. ಮಾರನೆಯ ಬೆಳಿಗ್ಗೆ ತೆಗೆದು ನೋಡಿದರೆ ಕಣ್ಣು ತುಂಬುವಂತಿತ್ತು. ಕೆಂಪು ಮರದ ಪಟ್ಟಿ, ಚಿನ್ನದ ಬಣ್ಣದ ಸ್ಕ್ರೂ, ಕನ್ನಡಿಯಂಥ ಕ್ಲಿಪ್. ಭಾವಮೈದನದು ಇದರ ಮುಂದೆ ಆಟದ ಸಾಮಾನು. ಒಂದೇ ಒಂದು ಕೊರತೆ. ಅದು ತೆರೆಯಲಿಲ್ಲ.

ಉಗುರಿನಲ್ಲಿ ಎಬ್ಬಿದ, ಉಗುರು ಹೋಯಿತು. ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಎಳೆದ, ಬಾಗಿಲ ಚಿಲಕ ಬಂತು.

"ಒಲೆ ಮೇಲಿಟ್ಟು ಕಾಯ್ಸಿ. ಅಂಟು ಬಿಡುತ್ತೆ" ಎಂದಳು ಹೆಂಡತಿ.

"ಮರದ ಪಟ್ಟಿ ಸುಟ್ಟುಹೋಗುತ್ತೆ ಕಣೇ. ಎಷ್ಟು ಚೆನ್ನಾಗಿದೆ ನೋಡು."

"ಚೆನ್ನಾಗೇನೋ ಇದೆ. ಸತ್ತೋರ ಮುಖದ ಹಾಗೆ."

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಮನೆ ಮಾಲೀಕ. ಕೆಳಗಡೆ ಅವನದೇ ಪ್ಲಾಸ್ಟಿಕ್ ಬಕೆಟ್ ಅಂಗಡಿ, ಅದರ ಹಿಂದೆ ಅವನ ಮನೆ, ಮೇಲೆ ಈ ಬಾಡಿಗೆ ಮನೆ. ಅವನು ಕೂರಲಿಲ್ಲ. "ನನ್ನ ತಂಗಿ ಮಗ ಸಂಸಾರ ಕರ್ಕೊಂಡು ಬರ್ತಿದ್ದಾನೆ. ಮುಂದಿನ ತಿಂಗಳು ಮನೆ ಖಾಲಿ ಮಾಡಿಕೊಡಿ" ಎಂದು ಗೋಡೆಗೆ ಹೇಳಿದಂತೆ ಹೇಳಿ ಇಳಿದುಹೋದ. ಹೊಲಿಗೆ ಮೆಷಿನ್ ನಿಂತಿತು. ಬೇರೆ ಬೀದಿಗೆ ಹೋದರೆ ಹೊಸ ಗಿರಾಕಿಗಳನ್ನು ಹುಡುಕಬೇಕು, ಒಬ್ಬೊಬ್ಬರದೂ ಅಳತೆ ಹೊಸದಾಗಿ ಕಲಿಯಬೇಕು. ಅವಳು ಕಿಟಕಿಯನ್ನೇ ನೋಡುತ್ತ ಕೂತಳು.

ಅವನು ಹೋದ ಹಿಂದೆಯೇ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದರು, ಕೈಯಲ್ಲಿ ಹಳೇ ಪೇಪರಿನ ಕಟ್ಟು. "ಈ ದಾರ ಸ್ವಲ್ಪ ಕತ್ತರಿಸಿಕೊಡ್ರೀ. ಓಹೋ, ಹೊಸ ಚಾಕು! ಕೊಡಿ ಇಲ್ಲಿ."

"ಇದು ದಾರ ಕತ್ತರಿಸೋಕಲ್ಲ ಮೇಷ್ಟ್ರೇ" ಎಂದ ಗುಮಾಸ್ತ ಥಟ್ಟನೆ.

"ಮತ್ಯಾವುದಕ್ಕೆ?"

ಗುಮಾಸ್ತ ಕಿಟಕಿಯ ಹೊರಗೆ ನೋಡಿದ. ಕೆಳಗೆ ಅಂಗಡಿ ಮುಂದೆ ಬನಿಯನ್ ತೊಟ್ಟ ಮಾಲೀಕ ಕತ್ತು ಕೆರೆದುಕೊಳ್ಳುತ್ತ ನಿಂತಿದ್ದ.

ಮೇಷ್ಟ್ರು ಚಾಕು ನೋಡಿದರು, ಗುಮಾಸ್ತನ ಮುಖ ನೋಡಿದರು, ಕಿಟಕಿಗೆ ಬಗ್ಗಿ ಮಾಲೀಕನ ಕತ್ತು ನೋಡಿದರು. ಮುಖ ನೋಡಿಯೇ ಯಾವ ಹುಡುಗ ಕಾಪಿ ಹೊಡೆದ ಎಂದು ಹೇಳಿಬಿಡುತ್ತಿದ್ದ ಮೇಷ್ಟ್ರು ಅವರು. ಹೇಳಿದ್ದು ಒಮ್ಮೆಯೂ ಸರಿಯಾಗಿರಲಿಲ್ಲ, ಆ ಮಾತು ಬೇರೆ.

"ಮೆಟ್ಟಿಲಲ್ಲಿ ಕೇಳಿಸ್ತು. ಖಾಲಿ ಮಾಡಿ ಅಂದ್ರಾ?"

"ಈಗಷ್ಟೇ ಅಂದುಹೋದ್ರು."

"ಹೂಂ" ಎಂದರು ಮೇಷ್ಟ್ರು. ಪೇಪರಿನ ಕಟ್ಟನ್ನು ಅಲ್ಲೇ ಮರೆತು ಮೆಟ್ಟಿಲಿಳಿದರು. ವಯಸ್ಸಿಗೆ ಮೀರಿದ ವೇಗವಿತ್ತು.

ಸುದ್ದಿಗೆ ಕಾಲಿಲ್ಲ, ಆದರೂ ಅದು ಮೊದಲು ಹೋಗುವುದು ಕ್ಷೌರದ ಅಂಗಡಿಗೆ. ಅಲ್ಲಿ ಮೇಷ್ಟ್ರು "ಚಾಕು ಮಾಡಿಟ್ಟಿದ್ದಾನೆ, ಆದ್ರೆ ತೆಗೆಯಲ್ಲ ಅಂತಾನೆ" ಎಂದರಂತೆ. ಹಾಲಿನ ಬೂತಿಗೆ ಬರುವ ಹೊತ್ತಿಗೆ ಅದು "ಒಂದು ಸಲ ಮಾತ್ರ ತೆಗೆಯೋದು" ಎಂದಾಗಿತ್ತು. ಸಂಜೆ ಹೊತ್ತಿಗೆ ಬೀದಿಯ ತುದಿಯಲ್ಲಿ "ಹಿಂದಿನ ಊರಲ್ಲಿ ಒಂದ್ಸಲ ತೆಗೆದಿದ್ದನಂತೆ. ಆಮೇಲೆ ಆ ಬೀದೀಲಿ ಬಾಡಿಗೆಯೇ ಇಳಿದುಹೋಯ್ತಂತೆ" ಎನ್ನುತ್ತಿದ್ದರು. ಗುಮಾಸ್ತ ಹುಟ್ಟಿದ್ದೂ ಬೆಳೆದದ್ದೂ ಇದೇ ಊರಿನಲ್ಲಿ ಎಂಬುದು ಅವರೆಲ್ಲರಿಗೂ ಗೊತ್ತಿತ್ತು. ಗೊತ್ತಿರುವುದನ್ನು ನಂಬಬೇಕೆಂದು ಕಾನೂನೇನೂ ಇಲ್ಲವಲ್ಲ.

ಮಾರನೆಯ ದಿನ ಕ್ಷೌರದವನು ಗುಮಾಸ್ತನ ಗಡ್ಡ ಹೆರೆಯುವಾಗ ಕೈ ಎಷ್ಟು ನಡುಗಿತೆಂದರೆ, ಜೀವಭಯವಾದದ್ದು ಗುಮಾಸ್ತನಿಗೆ.

"ಯಾಕಯ್ಯಾ ನಡುಗ್ತೀಯಾ?"

"ಏನಿಲ್ಲ ಸಾರ್. ಗಾಯ ಗೀಯ ಆದ್ರೆ ಬೇಜಾರು ಮಾಡ್ಕೋಬೇಡಿ ಸಾರ್. ಹೆಂಡ್ತಿ ಮಕ್ಕಳಿದ್ದಾರೆ."

"ಯಾರಿಗೆ?"

"ನನಗೆ ಸಾರ್."

ಮನೆಗೆ ಬಂದರೆ ಬಾಗಿಲಲ್ಲಿ ಮಾಲೀಕ. ಈ ಸಲ ಬನಿಯನ್ ಮೇಲೆ ಶರ್ಟು, ಶರ್ಟಿನ ಮೇಲೆ ಕತ್ತಿಗೆ ಸುತ್ತಿದ ದಪ್ಪ ಉಣ್ಣೆ ಮಫ್ಲರ್. ಬಿರುಬಿಸಿಲಿತ್ತು.

"ಆ ಮನೆ ವಿಷಯ ಏನು ಅವಸರ ಇಲ್ಲ" ಎಂದ ಮಾಲೀಕ. ಕಣ್ಣು ಮಾತ್ರ ಗುಮಾಸ್ತನ ಜೇಬಿನ ಹೊರಗೆ ಹೊಳೆಯುತ್ತಿದ್ದ ಕ್ಲಿಪ್ಪಿನ ಮೇಲೆ. "ತಂಗಿ ಮಗನಿಗೆ ಬೇರೆ ಕಡೆ ನೋಡಿದ್ರಾಯ್ತು. ಅವನಿಗೂ ಮೆಟ್ಟಿಲು ಹತ್ತೋಕಾಗಲ್ಲ."

"ಯಾಕೆ, ಕಾಲಿಗೇನಾಯ್ತು?"

"ಇನ್ನೂ ಏನೂ ಆಗಿಲ್ಲ ಸ್ವಾಮಿ. ಆಗದೇ ಇರಲಿ ಅಂತ."

ಗುಮಾಸ್ತ ಬಾಯಿ ತೆರೆದ. ಸತ್ಯ ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿ ಒಳಗಿನಿಂದಲೇ, "ಅಡುಗೆ ಮನೆ ಕೊಳಾಯಿ ಸೋರ್ತಾ ಇದೆ ಯಜಮಾನ್ರೇ, ಹೋದ ವರ್ಷದಿಂದ" ಎಂದಳು.

"ಇವತ್ತೇ ಕಳಿಸ್ತೀನಮ್ಮಾ."

ಮಾಲೀಕ ಹೋದ ಮೇಲೆ ಗುಮಾಸ್ತ ಸಿಡುಕಿದ. "ನಾನು ಹೇಳಿಬಿಡ್ತಿದ್ದೆ. ಜನ ನನ್ನ ಏನಂದ್ಕೊಂಡಿದ್ದಾರೆ ಗೊತ್ತಾ?"

"ಹೇಳಿ, ಯಾರು ಬೇಡ ಅಂದ್ರು. ಕೊಳಾಯಿ ರಿಪೇರಿ ಆಗಲಿ ಮೊದಲು."

ಕೊಳಾಯಿ ರಿಪೇರಿಯಾಯಿತು. ಅದರ ಹಿಂದೆಯೇ ಬೀಟ್ ಪೊಲೀಸಿನವನು ಬಂದ. ಕುರ್ಚಿ ಎಳೆದುಕೊಂಡು, ಟೀ ಕುಡಿದು, "ತೋರಿಸಿ ಅದನ್ನ" ಎಂದ. ಗುಮಾಸ್ತನಿಗೆ ಇದೇ ಸರಿಯಾದ ಹೊತ್ತೆನಿಸಿತು. ಸರ್ಕಾರದ ಮುಂದೆ ಸತ್ಯ ಹೇಳಿಬಿಟ್ಟರೆ ಬೀದಿಗೂ ಹೇಳಿದಂತೆ.

"ಸಾರ್, ಇದಕ್ಕೆ ಅಂಟು ಜಾಸ್ತಿ ಹಾಕ್ಬಿಟ್ಟೆ. ತೆರೆಯೋಕೇ ಬರಲ್ಲ. ಬೇಕಾದ್ರೆ ನೀವೇ ನೋಡಿ."

ಪೊಲೀಸಿನವನು ಉಗುರು ಹಾಕಿ ಎಳೆದ. ಬೆಲ್ಟಿನ ಬಕಲು ಹಾಕಿ ಮೀಟಿದ. ಮುಖ ಕೆಂಪಾಯಿತು, ಟೋಪಿ ಬಿತ್ತು. ಜನ ಬಾಗಿಲಲ್ಲಿ ಸೇರಿದ್ದರು. ಸರ್ಕಾರ ಸೋತಿತು ಎನ್ನಲು ಅವನಿಗೆ ಅಧಿಕಾರವಿರಲಿಲ್ಲ. ಚಾಕು ಮೇಜಿನ ಮೇಲಿಟ್ಟು ಗಂಭೀರವಾಗಿ ಎದ್ದು ನಿಂತ.

"ನೋಡಿ, ಇದು ಬೇರೆಯವರ ಕೈಗೆ ತೆರೆಯೋ ಚಾಕು ಅಲ್ಲ. ತೆರೆಯದೇ ಇರೋವರೆಗೆ ಅದು ಆಯುಧ ಅಲ್ಲ. ಕಾನೂನು ಪ್ರಕಾರ ನಾನೇನೂ ಮಾಡೋ ಹಾಗಿಲ್ಲ" ಎಂದು ಬಾಗಿಲ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದ. "ಇವರಿಗೆ ಸಿಟ್ಟು ಬರದ ಹಾಗೆ ನೋಡ್ಕೊಳ್ಳೋದು ನಿಮ್ಮ ಜವಾಬ್ದಾರಿ."

ಜನ ತಲೆಯಾಡಿಸಿದರು. ಅವತ್ತಿನಿಂದ ಹಾಲಿನ ಬೂತಿನ ಸಾಲಿನಲ್ಲಿ ಗುಮಾಸ್ತ ನಿಂತರೆ ಮುಂದಿನವರೆಲ್ಲ ಏನೋ ಮರೆತವರಂತೆ ಪಕ್ಕಕ್ಕೆ ಸರಿಯುತ್ತಿದ್ದರು. ಆಫೀಸಿನಲ್ಲಿ ಮೇಲಧಿಕಾರಿ ಅವನ ಮೇಲಿದ್ದ ದೂರುಗಳನ್ನೆಲ್ಲ ಹರಿದುಹಾಕಿ, "ಜನಕ್ಕೆ ಪಾರ್ಸೆಲ್ ಬಿಚ್ಚೋಕೆ ಬರಲ್ಲ ಅಂದ್ರೆ ಅದು ನಮ್ಮ ತಪ್ಪಾ?" ಎಂದರು. ಅದೇ ಆಫೀಸಿನಲ್ಲಿ ಗುಮಾಸ್ತ ಕಪಾಟಿನ ಹಿಂದೆ ಕೂತು ಪಾರ್ಸೆಲ್ ಹಗ್ಗವನ್ನು ಹಲ್ಲಿನಲ್ಲಿ ಕಡಿಯುತ್ತಿದ್ದ. ಸಂಜೆ ಇಸ್ಪೀಟಿಗೆ ಕೂತರೆ ಎದುರಾಳಿಗಳು ಗೆಲ್ಲುವ ಎಲೆಯನ್ನು ಕೈಯಲ್ಲಿಟ್ಟುಕೊಂಡೇ ಸೋಲುತ್ತಿದ್ದರು. ಆಟದ ರುಚಿಯೇ ಹೋಯಿತು. ಊರೆಲ್ಲ ಮರ್ಯಾದೆ ಕೊಡುತ್ತಿತ್ತು, ಒಬ್ಬನೂ ಪಕ್ಕ ಕೂರುತ್ತಿರಲಿಲ್ಲ.

ಹೀಗಿರುವಾಗ ಮಾಲೀಕ ತನ್ನ ಅಂಗಡಿಗೆ ಗುಂಡಿ ಒತ್ತಿದರೆ ತಾನೇ ಮೇಲೇರುವ ಕರೆಂಟಿನ ಶಟರ್ ಹಾಕಿಸಿದ. ಅದು ಏರುವುದನ್ನು ನೋಡಲು ಬೀದಿಯನ್ನೆಲ್ಲ ಕರೆದು ಟೀ ಕೊಟ್ಟ. ಪೊಲೀಸಿನವನೂ ಬಂದ, ಮೇಷ್ಟ್ರೂ ಬಂದರು. ಗುಮಾಸ್ತ ರಸ್ತೆಯ ಆಚೆ ಬದಿಯಲ್ಲಿ ನಿಂತ. ಅವನ ಸುತ್ತ ಎಂದಿನಂತೆ ಎರಡಾಳು ನಿಲ್ಲುವಷ್ಟು ಜಾಗ ಖಾಲಿ.

ಮಾಲೀಕ ಶಟರಿಗೆ ಬೆನ್ನು ಹಾಕಿ ಜನರ ಕಡೆ ತಿರುಗಿ ಗುಂಡಿ ಒತ್ತಿದ. ಶಟರ್ ಗುರ್ ಎಂದು ಏರತೊಡಗಿತು. ಜನ ಚಪ್ಪಾಳೆ ತಟ್ಟಿದರು. ಅವನ ಬೆನ್ನಿಗೆ ಇಳಿಬಿದ್ದಿದ್ದ ಮಫ್ಲರಿನ ತುದಿ ತಗಡಿನ ಸಂದಿಯಲ್ಲಿ ಸಿಕ್ಕಿಕೊಂಡು ಶಟರಿನ ಜೊತೆ ಮೇಲೇರಿತು. ಮಫ್ಲರಿನ ಜೊತೆ ಮಾಲೀಕನೂ ಏರಿದ, ತುದಿಗಾಲಿನವರೆಗೆ. ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಶಟರ್ ಜೋಡಿಸಿದ ಮೆಕ್ಯಾನಿಕ್ ಓಡಿಬಂದು ಕರೆಂಟ್ ತೆಗೆದ. ಉಣ್ಣೆ ಸುತ್ತಿಕೊಂಡ ಶಟರ್ ಮೇಲೂ ಹೋಗದು, ಕೆಳಗೂ ಬಾರದು. ಕತ್ತಿನ ಗಂಟು ಬಿಗಿದು ಕಲ್ಲಾಗಿತ್ತು.

ಯಾರೋ ಅಂಗಡಿಯೊಳಗೆ ನುಗ್ಗಿ ಒಂದು ಬಕೆಟ್ ತಂದು ಕಾಲ ಕೆಳಗೆ ಕವುಚಿಟ್ಟರು. ಮಾಲೀಕ ಅದರ ಮೇಲೆ ನಿಂತು ಒಂದು ಉಸಿರು ಎಳೆದ. 'ಆನೆ ನಿಂತರೂ ಒಡೆಯದು' ಎಂದು ಬಕೆಟಿನ ಮೇಲೆ ಅಚ್ಚಾಗಿತ್ತು. ಆನೆಗಿಂತ ಕಡಿಮೆ ತೂಗುವ ಮಾಲೀಕನ ಕೆಳಗೆ ಅದು ಚಟ್ ಎಂದು ಒಂದು ಸೀಳು ಬಿಟ್ಟಿತು.

"ಚಾಕು ಇರೋರು ಯಾರಾದ್ರೂ ಬನ್ರೀ" ಎಂದು ಮೆಕ್ಯಾನಿಕ್ ಕೂಗಿದ.

ಬೀದಿಯ ತಲೆಗಳೆಲ್ಲ ಒಟ್ಟಿಗೆ ತಿರುಗಿದವು.

ಗುಮಾಸ್ತ ಬೆವರುತ್ತ ಮುಂದೆ ಬಂದ. "ಇದು ತೆರೆಯೋಕೆ ಬರಲ್ಲ ಯಜಮಾನ್ರೇ. ಅಂಟು ಹಿಡಿದಿದೆ. ನನ್ನಾಣೆ."

ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮ ಸಿಟ್ಟು ನನಗರ್ಥ ಆಗುತ್ತೆ. ಆದ್ರೂ ಇಂಥ ಹೊತ್ತಲ್ಲಿ ಸಾಧಿಸಬಾರದು." ಆಮೇಲೆ ಮೇಲೆ ನೋಡಿ, "ಯಜಮಾನ್ರೇ, ಮನೆ ವಿಷಯ ಎಲ್ಲರ ಮುಂದೆ ಒಂದು ಮಾತು ಹೇಳಿಬಿಡಿ."

"ಮನೆ... ಅವರೇ... ಇರಲಿ..."

"ಕೇಳಿದ್ರಲ್ಲ? ತೆಗೀರಿ ಈಗ."

"ಅಂಟು ಮೇಷ್ಟ್ರೇ. ಕೆಂಪು ಅಂಟು. ನನ್ನ ಕೈಯಾರೆ ನಾನೇ ಹಾಕಿದ್ದು."

"ಸಾಲದಂತೆ" ಎಂದು ಮೇಷ್ಟ್ರು ಮೇಲಕ್ಕೆ ವರದಿ ಮಾಡಿದರು.

ಬಕೆಟ್ ಇನ್ನೊಂದು ಸೀಳು ಬಿಟ್ಟಿತು. "ತಾರಸಿ..." ಎಂದ ಮಾಲೀಕ. "ಬಟ್ಟೆ ಒಣಹಾಕೋಕೆ... ಬೀಗದ ಕೈ ಕೊಡ್ತೀನಿ..."

ಗುಮಾಸ್ತ ಅಳುವಂತಾಗಿ ಚಾಕುವನ್ನು ಹಲ್ಲಿನಲ್ಲಿ ಕಚ್ಚಿ ಎಳೆದ. ಅಂಗಡಿಯ ಮೆಟ್ಟಿಲಿಗೆ ರಪರಪನೆ ಕುಟ್ಟಿದ. ಜನ ಹಿಂದೆ ಸರಿದರು. "ಹಲ್ಲು ಕಡೀತಿದ್ದಾನೆ" ಎಂದ ಕ್ಷೌರದವನು. ಪೊಲೀಸಿನವನಿಗೆ ತಟ್ಟನೆ ರಸ್ತೆಯಲ್ಲಿ ವಾಹನಗಳಿವೆಯೆಂದು ನೆನಪಾಯಿತು, ಆ ಕಡೆ ತಿರುಗಿ ಅವನ್ನು ನಿಯಂತ್ರಿಸತೊಡಗಿದ.

"ಇನ್ನೂ ಸ್ವಲ್ಪ ಇಳೀರಿ ಯಜಮಾನ್ರೇ" ಎಂದರು ಮೇಷ್ಟ್ರು, ಸೀಳಿದ ಬಕೆಟಿನ ಮೇಲೆ ತುದಿಗಾಲಲ್ಲಿ ನೇತಾಡುತ್ತಿದ್ದವನಿಗೆ. "ಬಿಗಿಯಾಗಿ ಹಿಡ್ಕೊಂಡಿದ್ದಾರೆ."

"ನೀರು... ಎರಡೂ ಹೊತ್ತು..."

ಆಗ ಗುಮಾಸ್ತನ ಹೆಂಡತಿ ಮೆಟ್ಟಿಲಿಳಿದು ಬಂದಳು. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಹತ್ತಿ, "ಅಲ್ಲಾಡಬೇಡಿ, ಕಿವಿ ಹೋಗುತ್ತೆ" ಎಂದಳು. ಉಣ್ಣೆಗೆ ಎರಡೇ ಬಾರಿ ಕತ್ತರಿ ಹಾಕಿದಳು. ಮಾಲೀಕ ಬಕೆಟಿನ ಸಮೇತ ನೆಲಕ್ಕೆ ಬಂದ.

ಆಮೇಲೆ ಮೇಷ್ಟ್ರು ಮೆಲ್ಲಗೆ, "ನೋಡಿದ್ರಾ?" ಎಂದರು. "ಎದುರಿಗೆ ಒಬ್ಬ ನೇತಾಡ್ತಿದ್ರೂ ಚಾಕು ತೆಗೀಲಿಲ್ಲ. ತನಗೆ ಒಪ್ಪಿಗೆ ಆದ ಮೇಲೆ ಮೇಲಿನ ಕಿಟಕಿಗೆ ಒಂದು ಕಣ್ಸನ್ನೆ ಮಾಡಿದ, ಅಷ್ಟೇ. ಹೆಂಡ್ತಿ ಬಂದ್ರು."

"ನಾನೂ ನೋಡಿದೆ ಆ ಕಣ್ಸನ್ನೆ" ಎಂದ ಕ್ಷೌರದವನು. ಆಮೇಲೆ ಎಲ್ಲರೂ ನೋಡಿದ್ದರು.

ಮಾಲೀಕ ನೆಲದಿಂದಲೇ ಗುಮಾಸ್ತನಿಗೆ ಕೈ ಮುಗಿದ. ಕತ್ತು ಉಳಿಸಿದವಳು ಪಕ್ಕದಲ್ಲೇ ಕುರ್ಚಿಯಿಂದ ಇಳಿಯುತ್ತಿದ್ದಳು, ಅವಳ ಕಡೆ ಒಬ್ಬನೂ ತಿರುಗಲಿಲ್ಲ. ಅವಳು ಕತ್ತರಿಗೆ ಅಂಟಿದ ಉಣ್ಣೆಯನ್ನು ಸೆರಗಿನಲ್ಲಿ ಒರೆಸಿ, ಇನ್ನೊಂದು ಕೈಯನ್ನು ಮಾಲೀಕನ ಮುಂದೆ ಚಾಚಿದಳು.

"ತಾರಸಿ ಬೀಗದ ಕೈ."

ಅವನು ಸೊಂಟದಿಂದ ಬಿಚ್ಚಿ ಕೊಟ್ಟ.

ಮನೆಗೆ ಬಂದವನೇ ಗುಮಾಸ್ತ ಒಲೆ ಹಚ್ಚಿದ. ಇಕ್ಕಳದಲ್ಲಿ ಚಾಕು ಹಿಡಿದು ಉರಿಯ ಹತ್ತಿರ ತಂದ. "ಸುಟ್ಟು ಬೂದಿಯಾದ್ರೂ ಸರಿ, ಇವತ್ತು ಇದನ್ನ ತೆರೆದು ಬೀದಿಗೆಲ್ಲಾ ತೋರಿಸ್ತೀನಿ. ನಂಗೆ ಇಸ್ಪೀಟಲ್ಲಿ ಸೋಲಬೇಕು ಕಣೇ."

ಹೆಂಡತಿ ಒಲೆ ಆರಿಸಿದಳು. "ತೆರೆದು ತೋರಿಸಿದ್ರೆ ಅದು ಈರುಳ್ಳಿ ಹೆಚ್ಚೋ ಚಾಕು. ಸಾಯಂಕಾಲದ ಒಳಗೆ ತಂಗಿ ಮಗ ಸಾಮಾನು ಸಮೇತ ಬಾಗಿಲಲ್ಲಿರ್ತಾನೆ."

"ಮತ್ತೆ ನಾನು ಸಾಯೋವರೆಗೂ ಹಗ್ಗ ಹಲ್ಲಲ್ಲಿ ಕಡೀಲಾ?"

ಅವಳು ಹೊಲಿಗೆ ಮೆಷಿನ್ನಿನ ಖಾನೆ ಎಳೆದು, ಹಿಡಿ ಸವೆದ ಒಂದು ಪುಟ್ಟ ನೂಲು ಕತ್ತರಿ ಹುಡುಕಿ ತೆಗೆದಳು. ಒಂದು ಚಿಂದಿ ಬಟ್ಟೆಯನ್ನು ಅದರಲ್ಲೇ ಕತ್ತರಿಸಿ ಹರಿತ ನೋಡಿದಳು, ಅದೇ ಚಿಂದಿಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟಳು. "ಯಾರಿಗೂ ತೋರಿಸಬೇಡಿ. ಮರ್ಯಾದೆ ಹೋಗುತ್ತೆ."

ಮಾರನೆಯ ಬೆಳಿಗ್ಗೆ ಗುಮಾಸ್ತ ಕೆಲಸಕ್ಕೆ ಹೊರಟಾಗ ಚಾಕುವಿನ ಕ್ಲಿಪ್ ಜೇಬಿನ ಹೊರಗೆ ಬಿಸಿಲಿಗೆ ಹೊಳೆಯುತ್ತಿತ್ತು. ಅಂಗಡಿ ಮುಂದೆ ಮಾಲೀಕ ಬರಿಗತ್ತಿನಲ್ಲಿ ಎದ್ದು ನಿಂತ. ಮೇಷ್ಟ್ರು ದಾರಿ ಬಿಟ್ಟರು. ಗುಮಾಸ್ತ ಇಬ್ಬರಿಗೂ ಗಂಭೀರವಾಗಿ ತಲೆಯಾಡಿಸಿದ. ಪ್ಯಾಂಟಿನ ಜೇಬಿನೊಳಗೆ ಚಿಂದಿ ಹರಿದು ಕತ್ತರಿಯ ತುದಿ ತೊಡೆಗೆ ಚುಚ್ಚುತ್ತಿತ್ತು. ಅವನು ಸ್ವಲ್ಪ ಕುಂಟುತ್ತ ನಡೆದ. ಆ ಕುಂಟುವುದನ್ನು ನೋಡಿ ಬೀದಿಯ ಜನ ಇನ್ನೂ ಎರಡು ಹೆಜ್ಜೆ ಹಿಂದೆ ಸರಿದರು.